ಒಂದು ಪಾಯಿಂಟ್ ನಿಮ್ಮಣ್ಣ

"ಈ ಕಂಬ ಒಂದು ಸಲ ನೆಟ್ಟಗೆ ನಿಲ್ಲಲಿ! ಆಮೇಲೆ ನಡುವೆ ಎಷ್ಟು ಬೆಟ್ಟ ಇದ್ರೂ ನನ್ನ ಮಾತಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರೀಬೇಕು, ತಿಳೀತಾ?"

ಸಗಿನ್ ಹೀಗೆ ಘೋಷಣೆ ಮಾಡಿದ್ದು ಶುಕ್ರವಾರ ಸಂಜೆ ಚಹಾದ ಹೊತ್ತಿನಲ್ಲಿ, ಒಲೆಯಿಂದ ಆಗಷ್ಟೇ ಬಂದ ರೊಟ್ಟಿಗೆ ಏಪ್ರಿಕಾಟ್ ಜಾಮು ಸವರುತ್ತಾ. ಕೇಳುವವರು ಇಬ್ಬರೇ ಇದ್ದರು. ಒಬ್ಬಳು ಹೆಂಡತಿ ಬುರುಲ್. ಇನ್ನೊಬ್ಬಳು ಮೂರು ತಿಂಗಳ ಹಿಂದೆ ಮನೆ ತುಂಬಿದ ಸೊಸೆ ಜಿಪಾರ್. ಮಗ ಲಾರಿ ಹೊಡೆದುಕೊಂಡು ಕಣಿವೆಯಾಚೆ ಹೋದವನು ಹಿಮ ಬಿದ್ದು ದಾರಿ ಮುಚ್ಚಿ ಅಲ್ಲೇ ಕೂತಿದ್ದ.

ಸಗಿನ್‌ಗೆ ಇಸ್ಸಿಕ್-ಕುಲ್ ಸರೋವರದ ದಂಡೆಯ ಹವಾಮಾನ ಠಾಣೆಯಲ್ಲಿ ಗಾಳಿ ಅಳೆಯುವ ಕೆಲಸ. "ಗಾಳಿ ಅಳೆದೂ ಅಳೆದೂ ಇವರ ಮಾತೂ ಗಾಳಿಯೇ ಆಯ್ತು" ಎನ್ನುವುದು ಬುರುಲ್‌ಳ ಅಭಿಪ್ರಾಯ. ಠಾಣೆಯಿಂದ ಬಂದವನು ಒಳಕೋಣೆಯ ರೇಡಿಯೊ ಪೆಟ್ಟಿಗೆಯ ಮುಂದೆ ಕೂತರೆ ಮುಗಿಯಿತು. ಅದು ಹಾಡು ಕೇಳುವ ರೇಡಿಯೊ ಅಲ್ಲ, ಮಾತಾಡುವ ರೇಡಿಯೊ. ಅದರಲ್ಲಿ ಅವನು ಭೂಮಿಯ ಆ ತುದಿಯಲ್ಲಿರುವ ಅಪರಿಚಿತನೊಬ್ಬನನ್ನು ಹರಸಾಹಸ ಮಾಡಿ ಹುಡುಕಿ ಹಿಡಿಯುತ್ತಿದ್ದ. ಹಿಡಿದು ಕೇಳುತ್ತಿದ್ದದ್ದು ಏನು? "ನಿಮ್ಮಲ್ಲಿ ಹವೆ ಹೇಗಿದೆ?"

ಹಾಗೆ ಹುಡುಕಿ ಹಿಡಿದವರಲ್ಲಿ ಒಬ್ಬ ಎರ್ಗೆಶ್. ದೇಶದ ದಕ್ಷಿಣದ ಮೂಲೆಯಲ್ಲಿ, ಬಾತ್ಕೆನ್ ಕಡೆಯ ಹಳ್ಳಿಯವನು. ಹನ್ನೊಂದು ವರ್ಷ ಇಬ್ಬರೂ ಗಾಳಿಯಲ್ಲೇ ಹವೆ, ಆಂಟೆನಾ, ಕುರಿಗಳ ಜ್ವರ ಎಲ್ಲ ಮಾತಾಡಿ, ಕೊನೆಗೆ ಮಾತು ಮುಗಿದುಹೋಗಿ ಮಕ್ಕಳ ಮದುವೆಯ ವಿಷಯಕ್ಕೆ ಬಂದರು. ಹೀಗೆ ಎರ್ಗೆಶ್ ಬೀಗನಾದ. ಜಿಪಾರ್ ಅವನ ಒಬ್ಬಳೇ ಮಗಳು.

ಮದುವೆಯಾದ ಮರುವಾರವೇ ಚಳಿಗಾಲದ ಬಿರುಗಾಳಿಗೆ ಸಗಿನ್‌ನ ಹಳೆಯ ಆಂಟೆನಾ ಮುರಿದು ಬಿತ್ತು. ಟೆಲಿಫೋನು ಮಾಡೋಣವೆಂದರೆ ಅದರ ತಾಮ್ರದ ತಂತಿಯನ್ನು ಆ ಶರತ್ಕಾಲದಲ್ಲೇ ಯಾರೋ ಕಂಬ ಕಂಬದಿಂದ ಬಿಚ್ಚಿಕೊಂಡು ಹೋಗಿದ್ದರು. ಕಾಗದ ತಲುಪಲು ಇಪ್ಪತ್ತು ದಿನ. ತವರಿಗೆ ಹೋಗಿ ಬರೋಣವೆಂದರೆ, ವರ್ಷ ತುಂಬಿ ಶಾಸ್ತ್ರೋಕ್ತವಾಗಿ ಕರೆದೊಯ್ಯುವ ತನಕ ಹೊಸ ಸೊಸೆ ತವರಿನ ಹೊಸ್ತಿಲು ತುಳಿಯುವಂತಿಲ್ಲ. ಮೂರು ತಿಂಗಳಿಂದ ಜಿಪಾರ್ ಅಪ್ಪನ ದನಿ ಕೇಳಿರಲಿಲ್ಲ. ಹುಡುಗಿ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಧೂಳೇ ಇಲ್ಲದ ರೇಡಿಯೊ ಪೆಟ್ಟಿಗೆಯನ್ನು ಅವಳು ದಿನಕ್ಕೆ ನಾಲ್ಕು ಸಲ ಒರೆಸುವುದನ್ನು ಬುರುಲ್ ನೋಡಿದ್ದಳು, ನೋಡಿ ಮನಸ್ಸಿನಲ್ಲೇ ಮರುಗಿದ್ದಳು.

ಅಷ್ಟರಲ್ಲಿ ಎರ್ಗೆಶ್‌ನ ಕಾಗದ ಬಂತು. ಅವನ ಹಳ್ಳಿಗೆ ಈಗ ಕರೆಂಟು ಬರುವುದು ಭಾನುವಾರ ಹನ್ನೆರಡರಿಂದ ಒಂದರವರೆಗೆ ಮಾತ್ರ. "ತಿಂಗಳ ಕೊನೇ ಭಾನುವಾರ ಕಿವಿ ಕೊಟ್ಟು ಕೂತಿರ್ತೀನಿ. ಅದರ ಮರುವಾರದಿಂದ ಎರಡು ತಿಂಗಳು ಕುರಿ ಹೊಡ್ಕೊಂಡು ಬೆಟ್ಟ ಹತ್ತಬೇಕು" ಎಂದು ಬರೆದಿದ್ದ. ಅಂದರೆ ಇರುವುದು ನಾಡಿದ್ದಿನ ಆ ಒಂದೇ ಗಂಟೆ!

"ಹಳೇ ತರದ ಒಂದು ತಂತಿ ಎಳೆದು ಬಿಡಿ, ಸಾಕು" ಎಂದಳು ಬುರುಲ್.

"ಒಂದು ತಂತಿ? ಬೀಗರ ಹತ್ರ ಒಂದು ತಂತೀಲಿ ಮಾತಾಡೋದೇ? ನಾಲ್ಕು! ಒಂದೇ ಕಂಬ, ನಾಲ್ಕು ತಂತಿ, ನಾಲ್ಕು ಅಲೆ! ನಾಲ್ಕರಲ್ಲೂ ಬೀಗರನ್ನ ಕರೆದು ಮಾತಾಡಿಸ್ತೀನಿ. ಅಣ್ಣನಿಗೂ ಹೇಳಿ ಕಳಿಸಿದೀನಿ, ಬಂದು ಕಣ್ಣಾರೆ ನೋಡ್ಲಿ!"

ಸಗಿನ್ ಶನಿವಾರ ಹತ್ತು ಮೀಟರಿನ ದೇವದಾರು ಕಂಬವೊಂದಕ್ಕೆ ಉದ್ದುದ್ದದ ನಾಲ್ಕು ತಾಮ್ರದ ತಂತಿ ಬಿಗಿದ. ಒಂದೊಂದು ಅಲೆಗೆ ಒಂದೊಂದು ತಂತಿ. ತಂತಿ ಅಳತೆಗೆ ಸರಿಯಾಗಿದ್ದರೆ ಆಡಿದ ಮಾತು ಆಕಾಶಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಹೋದ ದಾರಿಯಲ್ಲೇ ಪೆಟ್ಟಿಗೆಗೆ ವಾಪಸು ಬರುತ್ತದೆ. ಎಷ್ಟು ವಾಪಸು ಬಂತು ಎನ್ನುವುದನ್ನು ಮೀಟರಿನ ಮುಳ್ಳು ತೋರಿಸುತ್ತದೆ. ಒಂದರ ಹತ್ತಿರ ಇದ್ದರೆ ಉತ್ತಮ. ಮೂರು ದಾಟಿದರೆ ಮುಳ್ಳು ಕೆಂಪು ಪಟ್ಟಿಗೆ ಹೋಗುತ್ತದೆ, ಪೆಟ್ಟಿಗೆಯಿಂದ ಹೊಗೆ ಬರುತ್ತದೆ.

"ಅಂದ್ರೆ ಹೇಳಿದ ಮಾತು ಒಳಗೇ ಇಳೀದೆ ಹಾಗೇ ವಾಪಸು ಬರೋದು, ಅಲ್ವಾ?" ಎಂದು ಕೇಳಿದಳು ಬುರುಲ್.

"ಹಾಂ, ಸರಿಯಾಗಿ ಹೇಳ್ದೆ!"

"ಹಾಗಿದ್ರೆ ಆ ಮೀಟರನ್ನ ನಿಮ್ಮ ಕಿವಿಗೆ ಒಂದು ಸಲ ಕಟ್ಟಿ ನೋಡ್ಬೇಕು."

ಒಂದೇ ಕಂಬದ ನಾಲ್ಕು ತಂತಿಗಳೆಂದರೆ ಒಂದೇ ಮನೆಯ ನಾಲ್ವರು ವಾರಗಿತ್ತಿಯರಿದ್ದ ಹಾಗೆ. ಒಬ್ಬಳನ್ನು ಮುಟ್ಟಿದರೆ ಉಳಿದ ಮೂವರ ಮುಖ ಊದುತ್ತದೆ. ಗಿಡ್ಡ ತಂತಿಗಳು ಮೂರನ್ನು ಸಮಾಧಾನ ಮಾಡುವಷ್ಟರಲ್ಲಿ ಶನಿವಾರ ಮುಳುಗಿತು. ಭಾನುವಾರ ಬೆಳಗ್ಗೆ ಉಳಿದದ್ದು ಎಲ್ಲಕ್ಕಿಂತ ಉದ್ದನೆಯದು, ಬಾತ್ಕೆನ್‌ವರೆಗೆ ನಿಜವಾಗಿ ಮುಟ್ಟುವ ತಂತಿ ಅದೊಂದೇ. ಬೇಕೆಂತಲೇ ಅದನ್ನು ಉದ್ದ ಬಿಟ್ಟಿದ್ದ. ಕಂಬ ಕೆಳಗಿಳಿಸಬೇಕು, ತುದಿಯಿಂದ ಸ್ವಲ್ಪ ಕತ್ತರಿಸಬೇಕು, ಹಗ್ಗ ಎಳೆದು ಮತ್ತೆ ನಿಲ್ಲಿಸಬೇಕು, ಒಳಗೆ ಮೀಟರು ನೋಡಬೇಕು. ಹೀಗೇ ಮತ್ತೆ ಮತ್ತೆ.

"ಕತ್ತರಿಸಿದ ತುಂಡನ್ನ ಎತ್ತಿಡ್ರೀ, ಬೇಕಾದೀತು" ಎಂದಳು ಬುರುಲ್.

"ತುಂಡು ಎತ್ತಿಡೋನು ಕತ್ತರಿ ಮೇಲೆ ನಂಬಿಕೆ ಇಲ್ದೋನು!" ಎಂದವನೇ ಸಗಿನ್ ಮೊದಲ ತುಂಡನ್ನು ಹಿತ್ತಲ ಪಕ್ಕದ ಕಾಲುವೆಗೆ ಎಸೆದ. ಹಿಮ ಕರಗಿ ಭೋರೆಂದು ಹರಿಯುತ್ತಿದ್ದ ಕಾಲುವೆ ಅದನ್ನು ಸರೋವರದ ಕಡೆಗೆ ಒಯ್ದಿತು.

ಏರ್ಪಾಡು ಹೀಗಿತ್ತು. ಜಿಪಾರ್ ಒಳಕೋಣೆಯಲ್ಲಿ ಗುಂಡಿ ಒತ್ತಿ ಮುಳ್ಳು ನೋಡಬೇಕು. ಅಪ್ಪನ ರೇಡಿಯೊ ಪಕ್ಕದಲ್ಲೇ ಬೆಳೆದವಳಾದ್ದರಿಂದ ಅದು ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಮಾವನಿಗೆ ಕೇಳುವಂತೆ ಗಂಟಲೆತ್ತುವುದು ಹೊಸ ಸೊಸೆಗೆ ಸಲ್ಲದು. ಅದಕ್ಕೇ ಅವಳು ಅತ್ತೆಗೆ ಮೆಲ್ಲಗೆ ಹೇಳಬೇಕು. ಅತ್ತೆ ಜಗಲಿಯ ಮೂಲೆಗೆ ಬಂದು ಹಿತ್ತಲಿಗೆ ಕೂಗಬೇಕು. ಆ ಮೂಲೆಯಿಂದ ಮುಂದಿನ ಗೇಟೂ ಕಾಣುತ್ತದೆ, ಹಿತ್ತಲೂ ಕಾಣುತ್ತದೆ. ಹಿತ್ತಲಲ್ಲಿದ್ದ ಸಗಿನ್‌ಗೆ ಮಾತ್ರ ಮನೆ ಅಡ್ಡವಾಗಿ ಗೇಟು ಕಾಣುತ್ತಿರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಆ ಸೀಮೆಯಲ್ಲಿ ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರೆತ್ತುವ ಹಾಗಿಲ್ಲ. ಹೆಸರಷ್ಟೇ ಅಲ್ಲ, ಹೆಸರಿನೊಳಗೆ ಕೂತಿರುವ ಮಾತನ್ನೂ ಆಡುವ ಹಾಗಿಲ್ಲ. ಸಗಿನ್‌ನ ಅಜ್ಜನೋ, ಹೆಸರು ಹುಡುಕುವುದರಲ್ಲಿ ಮಹಾ ಸೋಮಾರಿ. ಆರನೆಯ ಮಗ ಹುಟ್ಟಿದಾಗ 'ಅಲ್ತಿಬಾಯ್' ಎಂದುಬಿಟ್ಟ. 'ಅಲ್ತಿ' ಎಂದರೆ ಆರು. ಆ ಅಲ್ತಿಬಾಯೇ ಸಗಿನ್‌ನ ಅಪ್ಪ. ಅವನು ತನ್ನ ಹಿರಿಮಗ, ಸಗಿನ್‌ನ ಅಣ್ಣನಾದರೂ ಅಪ್ಪನಿಗಿಂತ ಒಂದು ಕೈ ಮೇಲಾಗಲಿ ಎಂದು 'ಜೆತಿಬಾಯ್' ಎಂದು ಹೆಸರಿಟ್ಟ. 'ಜೆತಿ' ಎಂದರೆ ಏಳು! ಹೀಗಾಗಿ ಆ ಮನೆಯ ಹೆಂಗಸರಿಗೆ ಐದಾದ ಮೇಲೆ ನೇರ ಎಂಟು. ಬುರುಲ್ ಮೂವತ್ತು ವರ್ಷದಿಂದ ಸಂತೆಯಲ್ಲಿ "ಐದು ಮೊಟ್ಟೆ ಕೊಡಪ್ಪ, ಮೇಲೊಂದು ಇಡು" ಎಂದೇ ಸಂಸಾರ ತೂಗಿಸಿಕೊಂಡು ಬಂದಿದ್ದಳು.

ಹತ್ತೂವರೆಗೆ ಕೆಲಸ ಶುರುವಾಯಿತು.

"ಎಷ್ಟೂ?" ಎಂದು ಹಿತ್ತಲಿಂದ ಸಗಿನ್ ಕೂಗಿದ.

ಒಳಗೆ ಜಿಪಾರ್ ಮುಳ್ಳು ನೋಡಿ ತುಟಿ ಕಚ್ಚಿಕೊಂಡಳು. "ಅತ್ತೆ... ಎರಡು ಪಾಯಿಂಟ್... ತೀರಿಕೊಂಡ ಅಜ್ಜನವರು."

ಬುರುಲ್ ಜಗಲಿಗೆ ಬಂದು ಬಾಯಿ ತೆರೆದಳು, ಹಾಗೇ ಮುಚ್ಚಿದಳು. ಸೊಸೆಗೆ ಅಜ್ಜನಾದರೆ ತನಗೆ ಮಾವ! ಒಂದು ಗಳಿಗೆ ಯೋಚಿಸಿ, "ಎರಡು ಪಾಯಿಂಟ್ ನಿಮ್ಮಪ್ಪಾ!" ಎಂದು ಕೂಗಿದಳು.

"ಭೇಷ್! ಅಪ್ಪನನ್ನ ಇಳಿಸೋಣ!" ಸಗಿನ್ ಒಂದು ಗೇಣು ಕತ್ತರಿಸಿ ತುಂಡನ್ನು ಕಾಲುವೆಗೆಸೆದ. ಎರಡು ಪಾಯಿಂಟ್ ಒಂದಕ್ಕೆ ಬಂತು. ಇನ್ನೊಂದು ಗೇಣು.

"ಈಗೆಷ್ಟೂ?"

"ಒಂದು ಪಾಯಿಂಟ್ ನಿಮ್ಮಣ್ಣಾ!"

"ಅಣ್ಣನನ್ನೂ ಇಳಿಸೋಣ!"

ಬೇಲಿಯಾಚೆ ಬಟ್ಟೆ ಹರವುತ್ತಿದ್ದ ನೆರೆಯವಳು ಈ ಮನೆಯಲ್ಲಿ ಆಸ್ತಿ ಜಗಳ ಶುರುವಾಯಿತೆಂದು ತಿಳಿದು ಬುಟ್ಟಿ ಅಲ್ಲೇ ಬಿಟ್ಟು ಒಳಗೆ ಹೋದಳು.

ಸಗಿನ್ ಈ ಸಲ ಎರಡೇ ಬೆರಳು ಕತ್ತರಿಸಿದ. ಕಂಬ ಎದ್ದಿತು. ಜಿಪಾರ್‌ಳ ಮುಖ ಅರಳಿತು. "ಅತ್ತೆ! ಒಂದು ಪಾಯಿಂಟ್ ಎರಡು! ಇನ್ನು ಮುಟ್ಟೋದು ಬೇಡ ಅನ್ನಿ!" ಬುರುಲ್ ಸಂಭ್ರಮದಿಂದ ಜಗಲಿಯ ಮೂಲೆಗೆ ಓಡಿದಳು. ಓಡಿದವಳಿಗೆ ಕಂಡದ್ದೇನು? ಗೇಟಿನಲ್ಲಿ ಕುದುರೆ. ಕುದುರೆಯ ಮೇಲೆ ಬಿಳಿ ಟೋಪಿಯ ಜೆತಿಬಾಯ್. ಸಾಕ್ಷಾತ್ ದೊಡ್ಡ ಭಾವ! ಮೂವತ್ತು ವರ್ಷದ ಅಭ್ಯಾಸ, ಕೈ ತಾನಾಗಿ ತಲೆಯ ರುಮಾಲಿಗೆ ಹೋಯಿತು, ನಡು ತಾನಾಗಿ ಬಾಗಿತು, ಮುಳ್ಳು ಮರೆತುಹೋಯಿತು.

"ರೀ! ನಿಮ್ಮಣ್ಣಾ!"

"ಇನ್ನೂ ಅಣ್ಣಾನೇನಾ?" ಎಂದ ಸಗಿನ್ ಹಿತ್ತಲಿಂದ.

"ಹೂಂ ರೀ, ನಿಮ್ಮಣ್ಣಾನೇ! ಏನಾದ್ರೂ ಮಾಡ್ರೀ!"

ಮಾಡದೆ ಬಿಟ್ಟಾನೆಯೇ? ಕಂಬ ಇಳಿಯಿತು. ನಾಲ್ಕು ಬೆರಳು ಕತ್ತರಿಸಿದ, ಕಾಲುವೆಗೆಸೆದ, ಕಂಬ ಎತ್ತಿದ. "ಈಗ?"

ಹಿರಿಯಣ್ಣ ಮನೆಗೆ ಬಂದರೆ ತಮ್ಮ ಬಂದು ಕಡಿವಾಣ ಹಿಡಿದು ಇಳಿಸಿಕೊಳ್ಳಬೇಕು. ಅದು ಪದ್ಧತಿ. ಜೆತಿಬಾಯ್ ಪದ್ಧತಿ ಬಿಡುವ ಆಸಾಮಿಯಲ್ಲ. ಬುರುಲ್ "ಇಳೀರಿ, ಒಳಗೆ ಬನ್ನಿ" ಎಂದು ಎಷ್ಟು ಬಾಗಿದರೂ ಅವನು ಮೀಸೆಯ ತುದಿಯನ್ನೂ ಅಲುಗಿಸಲಿಲ್ಲ.

"ಇಳೀತಾನೇ ಇಲ್ಲ ಕಣ್ರೀ!" ಎಂದು ಬುರುಲ್ ಹಿತ್ತಲಿಗೆ ಕೂಗಿದಳು.

"ಸ್ವಲ್ಪಾನೂ ಇಳಿದಿಲ್ವಾ?"

"ಊಹೂಂ! ಅಲ್ಲಾಡ್ತಾನೂ ಇಲ್ಲ! ಗಟ್ಟಿಯಾಗಿ ಕೂತದ್ದು ಕೂತ ಹಾಗೇ!"

ಗಟ್ಟಿಯಾಗಿ ಕೂತಿದೆಯೇ? ಗಾಳಿಯನ್ನೇ ಅಳೆದವನ ಮುಂದೆ ಒಂದು ಮುಳ್ಳಿನ ಹಟವೇ? ಸಗಿನ್‌ಗೆ ರೋಷ ಬಂತು. ಒಂದು ಗೇಣು ಕತ್ತರಿಸಿದ.

"ಈಗ ಹೇಳು!"

"ಕೆಂಪಾಗ್ತಿದೆ ರೀ! ಪೂರ್ತಿ ಕೆಂಪು!"

ಮುಳ್ಳು ಎಗರಿ ಕೆಂಪು ಪಟ್ಟಿಗೆ ಹೋಯಿತೆಂದು ಸಗಿನ್‌ಗೆ ದಿಗಿಲಾಯಿತು. ದಿಗಿಲು ಬಿದ್ದವನ ಕೈಯಲ್ಲಿ ಕತ್ತರಿ ಇರಬಾರದು. ಕಂಬ ಕೆಡವಿದವನೇ ಒಂದು ಮೊಳ ಕತ್ತರಿಸಿ ಹಾಕಿದ! ಒಳಗೆ ಪಾಪದ ಜಿಪಾರ್ ಪ್ರತಿ "ಈಗ?"ಗೂ ಗುಂಡಿ ಒತ್ತಿ, ಯಾರೂ ಇಲ್ಲದ ಬಾಗಿಲಿಗೆ "ಎರಡು, ಅತ್ತೆ... ಮೂರು, ಅತ್ತೆ... ಅತ್ತೆ, ಸಾಕು ಅನ್ನಿ ಅತ್ತೆ" ಎಂದು ಪಿಸುಗುಡುತ್ತಲೇ ಇದ್ದಳು.

ಕತ್ತರಿ ಹಿಡಿದೇ ಸಗಿನ್ ಮನೆ ಸುತ್ತಿ ಮುಂದೆ ಬಂದ. ಕುದುರೆ ಮೇಲೆ ಅಣ್ಣ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ್ದ.

"ನಿನ್ನ ಹೆಂಡ್ತಿ ಅರ್ಧ ಗಂಟೆಯಿಂದ ನಾನು ಬಂದಿದೀನಿ ಅಂತ ಕೂಗ್ತಿದ್ದಾಳೆ. ಕಿವಿ ಎಲ್ಲಿಟ್ಟಿದ್ಯೋ?"

"ಅಣ್ಣಾ... ನೀನಾ? ನಾನು ಏಳು ಅಂದ್ಕೊಂಡೆ!"

"ಏಳೋಕೆ ನಾನೇನು ಮಲಗಿದ್ನೇನೋ? ಇಳಿಸೋ ಮೊದಲು!"

ಅಣ್ಣನನ್ನು ಇಳಿಸಿದ್ದಾಯಿತು. ಮೀಟರನ್ನು ಇಳಿಸುವುದು ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. ಉದ್ದನೆಯ ತಂತಿ ಒಂದೂವರೆ ಮೊಳ ಗಿಡ್ಡವಾಗಿತ್ತು. ತುಂಡುಗಳೆಲ್ಲ ಸರೋವರದ ಪಾಲು. ಊರಿನಲ್ಲಿ ಒಂದು ಬೆರಳುದ್ದ ತಾಮ್ರ ಯಾರ ಮನೆಯಲ್ಲೂ ಇಲ್ಲ. ಮೂರು ಗಿಡ್ಡ ತಂತಿಗಳಿಗೂ ಮುಖ ಊದಿತ್ತು, ಅವುಗಳಿಂದ ತುಂಡು ಕಿತ್ತರೆ ನಾಲ್ಕೂ ಕೆಟ್ಟಾವು. ಗಂಟೆ ಹನ್ನೊಂದೂವರೆ.

ಜಿಪಾರ್ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತಳು. "ಪರವಾಗಿಲ್ಲ ಮಾವ. ವರ್ಷ ತುಂಬಿದ ಮೇಲೆ ಹೇಗೂ ಹೋಗ್ತೀನಲ್ಲ" ಎಂದಳು. ಎಂದು ಚಹಾ ಬಗ್ಗಿಸಲು ಹೋದಳು. ಬಟ್ಟಲು ತುಂಬಿ, ತಟ್ಟೆ ತುಂಬಿ, ಚಹಾ ಮೇಜಿನ ಮೇಲೆ ಹರಿದರೂ ಅವಳಿಗೆ ಗೊತ್ತಾಗಲಿಲ್ಲ. ಸಗಿನ್‌ಗೆ ಕತ್ತರಿಯನ್ನು ಎಲ್ಲಿ ಬಚ್ಚಿಡಲಿ ಅನ್ನಿಸಿತು. ಆ ಹುಡುಗಿ ಎರಡು ಬೈಗುಳ ಬೈದಿದ್ದರೂ ಅವನಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಬುರುಲ್ ಹಾಸಿಗೆಗಳ ಅಟ್ಟಿ ಸರಿಸಿ, ಅಡಿಯ ಪೆಟ್ಟಿಗೆ ತೆಗೆದು, ಗಂಟು ಬಿಚ್ಚಿ ಎರಡು ಬೆಳ್ಳಿಯ ಜಡೆಸರಗಳನ್ನು ಹೊರತಂದಳು. ಮದುವೆಯ ದಿನ ಜಡೆಯ ತುದಿಗೆ ಕಟ್ಟಿ ಮೊಣಕಾಲಿನವರೆಗೆ ಇಳಿಬಿಟ್ಟಿದ್ದ ಸರಗಳು.

"ಬೆಳ್ಳೀಲಿ ಮಾತು ಹೋಗುತ್ತಾ?" ಎಂದು ಕೇಳಿದಳು.

"ತಾಮ್ರಕ್ಕಿಂತ ಚೆನ್ನಾಗಿ ಹೋಗುತ್ತೆ" ಎಂದ ಸಗಿನ್ ಸಣ್ಣ ದನಿಯಲ್ಲಿ.

"ತಗೊಳ್ಳಿ. ಮೂವತ್ತು ವರ್ಷದಿಂದ 'ನಿನ್ನ ತವರಿನೋರು ಏನು ಕೊಟ್ರು, ಏನು ಕೊಟ್ರು' ಅಂತಿದ್ರಲ್ಲ. ಕಟ್ಟಿ ಕಂಬಕ್ಕೆ! ಊರೆಲ್ಲ ನೋಡ್ಲಿ."

ಎರಡು ಸರ ಜೋಡಿಸಿ ತಂತಿಯ ತುದಿಗೆ ಬಿಗಿದರು. ಜೆತಿಬಾಯ್ ಪದ್ಧತಿ ಮರೆತು ತಾನೇ ಹಗ್ಗ ಎಳೆದ. ಬೆಳ್ಳಿ ಬಿಸಿಲಿಗೆ ಹೊಳೆಯುತ್ತಾ, ಕಿಣಿಕಿಣಿ ಎನ್ನುತ್ತಾ ಏಪ್ರಿಕಾಟ್ ಹೂಗಳ ಮೇಲಕ್ಕೆ ಏರಿತು.

"ಎಷ್ಟಮ್ಮ?" ಎಂದು ಬುರುಲ್ ಕೇಳಿದಳು.

"ಒಂದು ಪಾಯಿಂಟ್ ಐದು, ಅತ್ತೆ!"

"ಸದ್ಯ! ಬಾಯಿಬಿಟ್ಟು ಹೇಳೋಕೆ ಬರೋ ನಂಬರು!"

"ಇನ್ನೊಂಚೂರು ಇಳಿಸಬಹುದು..." ಎಂದು ಸಗಿನ್‌ನ ಕೈ ಅಭ್ಯಾಸಬಲದಿಂದ ಮೇಲೆದ್ದಿತು.

"ಕತ್ತರಿ ಕೆಳಗಿಡ್ರೀ!" ಎಂದು ಹೆಂಡತಿ, ಅಣ್ಣ, ಬೇಲಿಯಾಚೆಗೆ ಮತ್ತೆ ಬಂದಿದ್ದ ನೆರೆಯವಳು ಎಲ್ಲರೂ ಒಟ್ಟಿಗೆ ಕೂಗಿದರು.

ಹನ್ನೆರಡು ಹೊಡೆಯಿತು. ಸಗಿನ್ ಪೆಟ್ಟಿಗೆಯ ಮುಂದೆ ಕೂತು ಕರೆದ, ಕಾದ, ಮತ್ತೆ ಕರೆದ. ಮುಕ್ಕಾಲು ಗಂಟೆ ಬರೀ ಗೊರಗೊರ. ಜಿಪಾರ್ ಬಾಗಿಲ ಚೌಕಟ್ಟಿಗೆ ಒರಗಿ ಉಸಿರು ಹಿಡಿದು ನಿಂತಿದ್ದಳು. ಹನ್ನೆರಡೂ ಮುಕ್ಕಾಲಿಗೆ, ಹುರಿಯುವ ಎಣ್ಣೆಯ ಸದ್ದಿನಂಥ ಗದ್ದಲದ ನಡುವಿನಿಂದ ಎರ್ಗೆಶ್‌ನ ದನಿ ಬಂತು. "ಬೀಗರೇ! ಕೇಳಿಸ್ತಿದೆ! ಸಣ್ಣಗೆ ಕೇಳಿಸ್ತಿದೆ!"

ಆಗ ಸಗಿನ್ ಏನು ಮಾಡಬೇಕಿತ್ತು? ಮೈಕನ್ನು ಸೊಸೆಗೆ ಕೊಡಬೇಕಿತ್ತು. ಮಾಡಿದ್ದೇನು? "ಬೀಗರೇ, ಹೊಸ ಆಂಟೆನಾ! ದೇವದಾರು ಕಂಬ, ಹತ್ತು ಮೀಟರು, ನಾಲ್ಕು ತಂತಿ, ತುದಿಗೆ ಶುದ್ಧ ಬೆಳ್ಳಿ..." ಎಂದು ಶುರುಮಾಡಿದ. ಕಂಬದ ಬುಡಕ್ಕೆ ಹಾಕಿದ ಕಲ್ಲುಗಳ ಸಂಖ್ಯೆಯನ್ನೂ ಬಿಡಲಿಲ್ಲ. ಹತ್ತು ನಿಮಿಷವಾಯಿತು. ಇನ್ನೈದು ನಿಮಿಷಕ್ಕೆ ಅತ್ತ ಕರೆಂಟು ಹೋಗುತ್ತದೆ.

ಬುರುಲ್ ಅವನ ತೋಳು ಚಿವುಟಿದಳು. "ಕಂಬದ ಪುರಾಣ ಸಾಕು! ಮಗು ಕೈಗೆ ಕೊಡ್ರೀ!"

ಜಿಪಾರ್ ಎರಡೂ ಕೈಯಲ್ಲಿ ಮೈಕು ಹಿಡಿದಳು. ಬಾಯಿ ತೆರೆದಳು. ಮಾತು ಬರಲಿಲ್ಲ. ಕೆನ್ನೆ ಕೆಂಪಾಯಿತು, ಕಣ್ಣು ತುಂಬಿತು.

"ಹೇಳಮ್ಮ, ಏನು ಹೇಳ್ಬೇಕು ಅಂತಿದೀಯೋ ಹೇಳಿಬಿಡು" ಎಂದಳು ಬುರುಲ್.

"ಹೇಳೋ ಹಾಗಿಲ್ಲ ಅತ್ತೆ" ಎಂದಳು ಜಿಪಾರ್, ಅಳುವುದೋ ನಗುವುದೋ ತಿಳಿಯದೆ. "ಅದು... ಅದು ಮಾವನವರು."

ಬುರುಲ್ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಹೌದಲ್ಲ! ಎಷ್ಟೋ ವರ್ಷ ಕಾದ ಮೇಲೆ ಹುಟ್ಟಿದ ಎರಡನೆಯ ಮಗನಿಗೆ ಅವನ ತಾಯಿ ಇಟ್ಟ ಹೆಸರು ಸಗಿನ್. ಹಂಬಲಿಸುವುದು, ನೆನೆನೆನೆದು ಕೊರಗುವುದು ಎಂದು ಅದರ ಅರ್ಥ. ಅಪ್ಪಾ, ನೀನು ತುಂಬಾ ನೆನಪಾಗ್ತೀಯ ಎನ್ನಬೇಕಾದರೆ ಅವರ ಮಾತಿನಲ್ಲಿ ಇರುವುದು ಒಂದೇ ಒಂದು ಪದ, 'ಸಗಿಂದಿಮ್'. ಮೂರು ತಿಂಗಳಿಂದ ಆ ಹುಡುಗಿ ಅದೊಂದನ್ನು ಯಾರ ಹತ್ತಿರವೂ ಹೇಳದೆ ಉಳಿದದ್ದು ಯಾಕೆಂದು ಸಗಿನ್‌ಗೆ ಈಗ ತಿಳಿಯಿತು. ಅಡ್ಡ ಇದ್ದದ್ದು ಬೆಟ್ಟವಲ್ಲ, ಮುರಿದ ಆಂಟೆನಾವೂ ಅಲ್ಲ, ತಾನೇ!

"ಹೇಳು ಮಗಳೇ" ಎಂದ. "ನಾನೇ ಹೇಳ್ತಿದೀನಿ. ಗಟ್ಟಿಯಾಗಿ ಹೇಳು."

ಜಿಪಾರ್ ಕಣ್ಣು ಮುಚ್ಚಿ, ಉಸಿರೆಳೆದುಕೊಂಡು ಮೈಕಿಗೆ ಹೇಳಿದಳು. "ಸಗಿಂದಿಮ್!"

ಹೊರಗೆ ಗಾಳಿ ಬೀಸಿ ಬೆಳ್ಳಿ ಸರ ಅಲುಗಿತು. ಪದದ ಬಾಲ ಯಾವ ಬೆಟ್ಟದ ಮೇಲೆ ಉದುರಿತೋ ಏನೋ, ಅತ್ತ ಕಡೆಯಿಂದ ಎರ್ಗೆಶ್‌ನ ಸಿಡುಕು ದನಿ ಕಿವಿಗೆ ಹೊಡೆಯುವಂತೆ ಸ್ಪಷ್ಟವಾಗಿ ಬಂತು.

"ಸಗಿನ್ ಅಂತೆ, ಸಗಿನ್! ಮತ್ತೆ ನೀನೇನಾ? ಗೊತ್ತಾಯ್ತು ಮಾರಾಯ, ನೀನಿದೀಯ! ಎದ್ದು ಆಚೆ ಹೋಗೋ, ನನ್ನ ಮಗಳನ್ನ ಕರಿ!"

ಸಗಿನ್ ಎದ್ದ. ತನ್ನದೇ ಮನೆಯಲ್ಲಿ, ತನ್ನದೇ ರೇಡಿಯೊ ಮುಂದಿನಿಂದ, ಐನೂರು ಕಿಲೋಮೀಟರ್ ದೂರದ ಅಪ್ಪಣೆಗೆ ತಲೆಬಾಗಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಎಂದೂ ದನಿಯೆತ್ತದ ಸೊಸೆ ಅತ್ತ ಕರೆಂಟು ಹೋಗುವ ತನಕ ನಗುತ್ತಾ ಅಳುತ್ತಾ ಅವನ ಹೆಸರನ್ನು ಹನ್ನೊಂದು ಸಲ ಕೂಗಿದಳು. ಬಾಗಿಲಾಚೆ ನಿಂತು ಅವನು ಎಣಿಸಿದ. ಒಂದು ಸಲವೂ ಕರೆದದ್ದು ಅವನನ್ನಲ್ಲ.